ಫಿಲೊಮಿನಾ ಓಡಿಹೋಗಲಿಲ್ಲ

ಯಾರೋ ಯಾರಿಗೋ ಹೇಳಿದ ಕತೆಯಲ್ಲ ಇದು. ನನ್ನ ಚಿಕ್ಕಮ್ಮನ ಮಗಳು ಹಂಸಾಗೆ ಆಗಿದ್ದು, ಎರಡು ವರ್ಷದ ಹಿಂದೆ, ಅಮೆರಿಕದ ಗಿಲ್‌ರಾಯ್ ಅನ್ನೋ ಊರಲ್ಲಿ.

ಆವತ್ತು ಒಂದು ಹಳೇ ತೋಟದ ಮನೇಲಿ ನಾಟಕದ ಪ್ರಾಕ್ಟೀಸು ಮುಗಿಯೋ ಹೊತ್ತಿಗೆ ರಾತ್ರಿ ಎಂಟೂವರೆ. ಎಲ್ಲರೂ ಹೊರಟುಹೋಗಿದ್ದರು. ಹಂಸಾ ಕಾರು ನಿಲ್ಲಿಸಿದ್ದು ತೋಟದ ಆ ತುದೀಲಿ. ದಾರೀಲಿ ಒಂದು ಹಳೇ ಬಾವಿ. ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟು ಬಿಗಿದಿದ್ದಾರೆ. ಐವತ್ತು ವರ್ಷದಿಂದ ಒಂದು ಹನಿ ನೀರಿಲ್ಲ ಅದರಲ್ಲಿ.

ಚಳಕ್...

ನಿಂತಳು.

ಚಳಕ್... ಚಳಕ್... ಮುಚ್ಚಳದ ಕೆಳಗಿಂದ. ಆಳದ ನೀರಲ್ಲಿ ಯಾರೋ ಮುಳುಗದ ಹಾಗೆ ಕಾಲು ಬಡಿಯೋ ಸದ್ದು. ಅದರ ಜೊತೆಗೇ ಕಟಕಟ ಅಂತ ಹಲ್ಲು ಕಡಿಯೋದು, ಚಳಿಗೆ ಕಡಿದ ಹಾಗೆ.

ಆಮೇಲೆ ಕಿವಿ ಪಕ್ಕದಲ್ಲೇ ಒಂದು ಪಿಸುಮಾತು. ಇಂಗ್ಲಿಷೇ... ಆದರೆ ಈಗಿನವರ ಇಂಗ್ಲಿಷಲ್ಲ.

"ಓಡಲಿಲ್ಲ."

ಹಂಸಾ ಬಾಯಿಂದ ಹೇಗೆ ಮಾತು ಬಂತೋ ಅವಳಿಗೇ ಗೊತ್ತಿಲ್ಲ. "ಮತ್ತೇನು ಮಾಡಿದೆ?"

"ಇಳಿದೆ."

ಅಷ್ಟೇ. ಸದ್ದು ನಿಂತುಹೋಯ್ತು.

ಅವಳ ನಾಟಕ ಏನು ಅಂತ ಹೇಳಿಬಿಡ್ತೀನಿ. ಆ ತೋಟದ ಮನೆ ಈಗ ಸಣ್ಣ ಮ್ಯೂಸಿಯಂ. ಪ್ರತಿ ಅಕ್ಟೋಬರಲ್ಲಿ, ಚರಿತ್ರೆ ಪುಸ್ತಕದಲ್ಲಿ ಹೆಸರೇ ಇಲ್ಲದ ಹಳೇ ಜನರ ವೇಷ ಹಾಕಿ ಅವರ ಬದುಕನ್ನ ಆಡಿ ತೋರಿಸ್ತಾರೆ. ಸೂಲಗಿತ್ತಿ, ಅಡುಗೆಯವನು, ರೈಲು ಹಳಿ ಹಾಕಿದವನು. ಹಂಸಾಗೆ ಸಿಕ್ಕಿದ್ದು ಫಿಲೊಮಿನಾ. ಪೋರ್ಚುಗೀಸ್ ಹೆಂಗಸು, ಆ ಮನೇಲಿ ಬಟ್ಟೆ ಒಗೀತಿದ್ದವಳು. ಸಾವಿರದ ಒಂಬೈನೂರ ಎಂಟನೇ ಇಸವಿಯಲ್ಲಿ ಯಜಮಾನನ ನಾಲ್ಕು ವರ್ಷದ ಮಗಳು ಅವಳ ಕಣ್ಣೆದುರಿಗೇ ಬಾವಿಗೆ ಬಿದ್ದಳಂತೆ. ಇವಳು ಹೆದರಿ ಓಡಿಹೋದಳಂತೆ. ಮಗು ರಾತ್ರಿಯೆಲ್ಲ ಹಗ್ಗ ಹಿಡಿದುಕೊಂಡಿತ್ತಂತೆ, ಬೆಳಗ್ಗೆ ಅಪ್ಪ ಮೇಲೆತ್ತಿದನಂತೆ. ಸ್ಕ್ರಿಪ್ಟು ಹಾಗಿತ್ತು.

ಬರೆದವರು ಡೋರಿಸ್, ರಿಟೈರಾದ ಟೀಚರು. ಬಾವಿಗೆ ಬಿದ್ದ ಆ ಮಗು ಅವರ ಸ್ವಂತ ಅಜ್ಜಿ.

ಹಂಸಾ ಕಾರಲ್ಲಿ ಕೂತು, ಡೋರು ಲಾಕ್ ಮಾಡಿಕೊಂಡು ನನಗೆ ಫೋನ್ ಮಾಡಿದಳು. ನಡೆದಿದ್ದನ್ನೆಲ್ಲ ಹೇಳಿದಳು. ಪಾತ್ರ ಬಿಟ್ಟುಬಿಡು ಅಂದೆ.

"ವಸುಧಕ್ಕ, ಅವಳ ಮೇಲಿನ ಸುಳ್ಳನ್ನ ಅವಳ ವೇಷದಲ್ಲೇ ಹೇಳ್ತಿದ್ದೀನಿ ನಾನು."

ಮಾರನೇ ದಿನ ಹೋಗಿ ಡೋರಿಸ್ ಹತ್ತಿರ ಓಡಿಹೋದೆ ಅನ್ನೋ ಸಾಲು ಬದಲಾಯಿಸೋಣ ಅಂದಳು. ಅವರು ಒಪ್ಪಲಿಲ್ಲ. ಆಗಿನ ಪೇಪರಲ್ಲೇ ಹಾಗಿದೆ, ನಿನ್ನ ಹತ್ತಿರ ಏನು ಆಧಾರ ಇದೆ ಅಂದರು.

ನಾಟಕದ ದಿನ ನಾನಿರೋ ಊರು ಸನ್ನಿವೇಲಿಂದ ನಾನೂ ಹೋಗಿದ್ದೆ. ಸುಮಾರು ನಲವತ್ತು ಜನ, ಕೈಯಲ್ಲಿ ಲಾಟೀನು. ಬಾವಿ ಪಕ್ಕ ನಿಂತು ಹಂಸಾ ಮಾತಾಡ್ತಿದ್ದಳು. ಆ ಸಾಲು ಬಂತು... ನಿಲ್ಲಿಸಿಬಿಟ್ಟಳು.

ಚಳಕ್.

ನನಗೂ ಕೇಳಿಸ್ತು. ಮುಂದೆ ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

"ನಾನು ಓಡಲಿಲ್ಲ," ಅಂದಳು ಹಂಸಾ. "ಇಳಿದೆ."

ಬಾವಿಯ ಸದ್ದು ನಿಂತುಹೋಯ್ತು. ಡೋರಿಸ್ ಕೈಯಲ್ಲಿದ್ದ ಲಾಟೀನನ್ನ ಕೆಳಗಿಟ್ಟರು. ಬೈತಾರೆ ಅಂದುಕೊಂಡೆ. ಅವರು ಬಂದು ಹಂಸಾ ಕೈ ಹಿಡಿದು, ತೀರಾ ಮೆಲ್ಲಗೆ ಹೇಳಿದರು:

"ರಾತ್ರಿಯೆಲ್ಲ ಯಾರೋ ಹೆಗಲ ಮೇಲೆ ಕೂರಿಸಿಕೊಂಡಿದ್ದರು ಅಂತ ನಮ್ಮಜ್ಜಿ ಸಾಯೋವರೆಗೂ ಹೇಳ್ತಿದ್ದಳು. ಕನಸು ಅಂತ ನಾವೇ ಬಾಯಿ ಮುಚ್ಚಿಸಿದ್ವಿ."

ಡೋರಿಸ್ಸೇ ಓಡಾಡಿ, ಡಿಸೆಂಬರಲ್ಲಿ ಬಾವಿ ಮುಚ್ಚಳ ತೆಗೆಸಿ, ತಳ ಅಗೆಸಿದರು. ತಳದ ಮಣ್ಣಲ್ಲಿ ಹೆಂಗಸಿನ ಮೂಳೆಗಳಿದ್ದವು. ಬೆಳಗ್ಗೆ ಮಗುವನ್ನ ಎತ್ತಿದವನಿಗೆ ಕೆಳಗಿದ್ದವಳು ಕಾಣಿಸಲಿಲ್ಲವಾ... ಕಂಡೂ ಬಿಟ್ಟುಬಂದನಾ?

ಫಿಲೊಮಿನಾಳನ್ನ ಮಣ್ಣು ಮಾಡಿದ ದಿನ ಸಣ್ಣ ಮಳೆ. ಹಂಸಾ ಅದೇ ವೇಷದಲ್ಲಿ ಹೋಗಿ, ಸರಿಯಾದ ಮಾತನ್ನ ಇನ್ನೊಂದು ಸಲ ಹೇಳಿ ಬಂದಳು. ಲಂಗ ಮೊಣಕಾಲವರೆಗೂ ಕೆಸರಾಗಿತ್ತು. ಬಿಚ್ಚಿ ಕಾರಿನ ಡಿಕ್ಕಿಗೆ ಹಾಕಿ ಲಾಕ್ ಮಾಡಿದಳು. ಆ ರಾತ್ರಿ ನಾನೂ ಅವಳ ಮನೇಲೇ ಉಳಿದಿದ್ದೆ.

ಬೆಳಗ್ಗೆ ಎದ್ದು ನೋಡ್ತೀವಿ... ಲಂಗ ಹಿತ್ತಲಿನ ಬೇಲಿ ಮೇಲೆ ಹರವಿದೆ. ಒಗೆದಿದೆ. ಒಂದು ಕಲೆ ಇಲ್ಲ. ಬಿಳೀ ಸೋಪಿನ ವಾಸನೆ. ಕಾರು ಲಾಕಾಗೇ ಇತ್ತು.

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹಂಸಾ ಬಟ್ಟೆ ಒಣಗಿಸೋದು ಡ್ರೈಯರಲ್ಲಿ, ಅವಳ ಮನೇಲಿ ಬಟ್ಟೆಗೆ ಸಿಕ್ಕಿಸೋ ಒಂದು ಕ್ಲಿಪ್ಪೂ ಇರಲಿಲ್ಲ. ಆ ಲಂಗಕ್ಕೆ ಸಿಕ್ಕಿಸಿದ್ದವು ನಾಲ್ಕು, ಮರದ್ದು, ಕೈಯಲ್ಲಿ ಕೆತ್ತಿದವು. ಎರಡು ನನ್ನ ಅಡುಗೆಮನೆ ಡ್ರಾಯರಲ್ಲಿವೆ.