ಸೀಟಿನಡಿಯ ಕರಿ ಡಬ್ಬಿ

ಪಂಕ್ಚರ್ ಹಾಕಿಸಲು ಗ್ಯಾರೇಜಿನಲ್ಲಿ ಕಾಯುತ್ತಿದ್ದೆ. ನಿಂತಲ್ಲೇ ಬ್ಯಾಟರಿ ಇಳಿಯುವ ಹಳೇ ಟ್ರ್ಯಾಕ್ಟರೊಂದರ ವೈರುಗಳನ್ನು ಮೆಕ್ಯಾನಿಕ್ ಒಂದೊಂದಾಗಿ ಬಿಚ್ಚುತ್ತಿದ್ದ. ಅದನ್ನು ತಂದವನು ಪಕ್ಕದಲ್ಲೇ ನಿಂತಿದ್ದ. ಕರೆಂಟ್ ಸೋರುತ್ತಿರುವವರೆಗೂ ಉರಿಯಲೆಂದು ಮೆಕ್ಯಾನಿಕ್ ಬ್ಯಾಟರಿಗೆ ಸಿಕ್ಕಿಸಿದ್ದ ಟೆಸ್ಟ್ ಬಲ್ಬು ಕೊನೆಗೂ ಆರಿತು.

“ಸಿಕ್ತು ಕಳ್ಳ! ಸೀಟಿನ ಕೆಳಗೆ ಈ ಡಬ್ಬಿ ನೋಡಿ. ಗಾಡಿ ಎಲ್ಲಿದೆ ಅಂತ ಫೋನಲ್ಲಿ ತೋರ್ಸುತ್ತೆ. ನೀವು ಹಾಕ್ಸಿದ್ದಾ?” ಎಂದು ಟ್ರ್ಯಾಕ್ಟರ್ ತಂದವನನ್ನು ಕೇಳಿದ.

“ನಮ್ಮ ಮಾವ ಹಾಕ್ಸಿರಬೇಕು. ನಾನು ಮನೆ ಅಳಿಯ.”

ಅಷ್ಟರಲ್ಲಿ ಅಳಿಯನ ಫೋನ್ ಬಡಿದುಕೊಂಡಿತು.

“ಇಲ್ಲ ಮಾವ, ಗ್ಯಾರೇಜಲ್ಲೇ ಇದ್ದೀನಿ. ಹೊರಟೆ.”

“ಕಿತ್ತು ಬಿಸಾಕ್ಲಾ?”

“ಬೇಡ. ಇದ್ದ ಹಾಗೇ ಜೋಡಿಸ್ಬಿಡಿ.”

“ಬ್ಯಾಟರಿ ಮತ್ತೆ ಇಳಿಯುತ್ತೆ.”

“ಇಳೀಲಿ. ಡಬ್ಬಿನೂ ಆಫ್ ಆಗುತ್ತೆ, ಅವತ್ತೊಂದಿನ ನಾನೆಲ್ಲಿದ್ದೀನಿ ಅಂತ ಅವರಿಗೆ ಗೊತ್ತಾಗಲ್ಲ.”

“ಅವತ್ತು ಟ್ರ್ಯಾಕ್ಟರೂ ಹೊರಡಲ್ಲವಲ್ಲ ಸಾರ್!”

ಡಬ್ಬಿಯ ವೈರು ಮತ್ತೆ ಜೋಡಿಸಿದ್ದೇ ಅಳಿಯ ಸೀಟು ಹತ್ತಿ, ಟ್ರ್ಯಾಕ್ಟರನ್ನು ಮನೆಯ ಕಡೆಗೇ ತಿರುಗಿಸಿದ.