ಬೀಗರ ಮುಂದಿನ ತೂಕಡಿಕೆ

ಮಂಡ್ಯದ ಆಸ್ಪತ್ರೆಯೊಂದರಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಸುಮಿತ್ರಾಳಿಗೆ ಪಕ್ಕದ ಬೆಂಚಿನ ಗಂಡಹೆಂಡಿರ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಗಂಡ ಆಗಷ್ಟೇ ಡಾಕ್ಟರ ಕೋಣೆಯಿಂದ ಹೊರಬಂದಿದ್ದ.

"ಏನಂತೆ?"

"ನಿದ್ದೇಲಿ ಉಸ್ರು ಕಟ್ತದಂತೆ ಕಣಮ್ಮಿ. ರಾತ್ರಿ ನಿದ್ದೆ ಕೆಟ್ಟು ಅಗಲೊತ್ತು ತೂಕಡಿಕೆ ಬತ್ತದಂತೆ. ಜಾಸ್ತಿ ಏನಿಲ್ವಂತೆ. ಮಗ್ಗುಲಾಗಿ ಮಲಿಕೊ, ಮೈ ಇಳ್ಸು, ಉಸ್ರು ಕಟ್ಟದಂಗೆ ರಾತ್ರಿ ಬಾಯಿಗಾಕ್ಕೊಳಾಕೆ ಒಂದು ಕ್ಲಿಪ್ಪು ಮಾಡುಸ್ಕೊ ಅಂದ್ರು."

"ಇಷ್ಟೇಯಾ?"

"ಇಷ್ಟೇಯ."

"ಅಂಗಾರೆ ನಮ್ ಮಗಳು ಸಿಂಧು ಮದ್ವೆ ಮಾತುಕತೇಲಿ ಬೀಗ್ರ ಮುಂದೆ ನಿದ್ದೆ ಓಗಿದ್ದು..."

"ಇದ್ರಿಂದ್ಲೇಯ."

"ಕುಡ್ಕ ಅಂದ್ಬುಟ್ಟು ಎದ್ದೋದ್ರಲ್ಲ ಅವ್ರು!"

"ಅವ್ರ್ ಮಾತು ಬುಡು. ನೀನು ಎಲ್ರೆದುರ್ಗೆ ನನ್ ಬಾಯಿ ಮೂಸಿದ್ಯಲ್ಲ."

ಸುಮಿತ್ರಾ ಮುಖ ಆಚೆ ತಿರುಗಿಸಿದಳು. ಕಿವಿ ಮಾತ್ರ ಅಲ್ಲೇ ಇತ್ತು.

"ವಾಸ್ನೆ ಇರ್ನಿಲ್ಲ," ಎಂದಳು ಹೆಂಡತಿ ಮೆಲ್ಲಗೆ. "ಇಲ್ಲ ಅಂತ ಬಾಯ್ಬುಟ್ಟು ಯೋಳ್ನಿಲ್ಲ ನಾನು."

"ಯಾಕಮ್ಮಿ?"

"ಸಿಟ್ಟು. ಮಗಳ ಬಾಳಿನ ಮಾತಾಡೋವಾಗ ಗೊರ್ಕೆ ಒಡೀತಾ ಕುಂತವ್ರಲ್ಲ ಅಂತ."

"ಆ ಉಡುಗುಂಗೆ ಮಳವಳ್ಳಿ ಎಣ್ಣಿನ್ ಕುಟೆ ಮದ್ವೆ ಗೊತ್ತಾಗೋಯ್ತು. ಇನ್ನೇನು ಬುಡು."

"ಸಿಂಧುಗೆ ಎಲ್ಲಾನೂ ಯೋಳ್ಬುಡ್ತೀನಿ. ಅವ್ಳು ನಿಮ್ ಕುಟೆ ಮಾತು ಬುಟ್ಟು ಒಂದೊರ್ಸ ಆಯ್ತು."

ಅವನು ಗೋಡೆ ಹಿಡಿದು ಎದ್ದು ನಿಂತ.

"ಕಾಯಿಲೆ ಇತ್ತು ಅಂತ ಮಾತ್ರ ಯೋಳು. ಸಿಟ್ಟಿನ ಮಾತು ನಮ್ಮಿಬ್ರಲ್ಲೇ ಇರ್ಲಿ."

"ಯಾಕೆ?"

"ನಿನ್ ಕುಟೇನೂ ಮಾತು ಬುಟ್ಟಾಳು. ಮನೇಲಿ ಯಾರಾದ್ರೂ ಒಬ್ರ ಕುಟೆ ಮಾತಾಡ್ಲಿ ಮಗ್ಳು."

ಇಬ್ಬರೂ ಹೊಳಲಿನ ಬಸ್ಸು ಹಿಡಿಯಲು ಹೊರಟರು. ಹೆಂಡತಿ ಗಂಡನಿಗಿಂತ ಎರಡು ಹೆಜ್ಜೆ ಹಿಂದೆ ನಡೆದಳು.