ಎಂಜಿನ್ ಮಾತ್ರ ನನ್ನದು

ಅಧ್ಯಕ್ಷತೆ ವಹಿಸಿರುವ ಕಾಂತರಾಜು ಅವರೇ, ಎಂಜಿನ್ ಆಯಿಲ್ ಕಂಪನಿಯ ಪರವಾಗಿ ಬೆಂಗಳೂರಿನಿಂದ ಬಂದಿರುವ ಅರುಣ್‌ಕುಮಾರ್ ಅವರೇ, ನಮ್ಮ ರೇಸ್ ತಂಡವನ್ನು ಸಾಕಿ ಬೆಳೆಸಿದ ಹಾಸನದ ಸಭಿಕರೇ, ಹಿಂದಿನ ಸಾಲಿನಲ್ಲಿ ಕೂತು ಊಟದ ಮನೆ ಕಡೆಗೇ ನೋಡುತ್ತಿರುವ ಬಂಧುಗಳೇ,

ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ದಾಕ್ಷಾಯಣಮ್ಮನಾದ ನನಗೆ ಶಾಲು ಹೊದಿಸಿ, ರೇಸ್ ತಂಡದ ಒಡತಿ ಎಂದು ಕರೆದಿದ್ದೀರಿ. ಶಾಲು ಇಟ್ಟುಕೊಳ್ಳುತ್ತೇನೆ. ಒಡತಿ ಎಂಬುದರ ಬಗ್ಗೆ ಎರಡು ಮಾತಾಡಬೇಕು.

ನಮ್ಮ ಕಾರಿಗೆ ಒಬ್ಬರೇ ಒಡೆಯರು ಎಂದಾದರೂ ಇದ್ದರೇ? ಎಂಜಿನ್ ನನ್ನದು. ಗೇರ್‌ಬಾಕ್ಸ್ ಹೊಳೆನರಸೀಪುರದ ಶಿವಗಂಗಮ್ಮನವರದು. ಟೈರು ಕೊಣನೂರಿನ ಹುಚ್ಚಯ್ಯನವರದು. ಬಾಡಿ ನಮ್ಮ ಅಧ್ಯಕ್ಷರದು. ರ‍್ಯಾಲಿ ಮುಗಿದ ಕೂಡಲೇ ಕಾರು ಬಿಚ್ಚುತ್ತೇವೆ, ಅವರವರ ಸಾಮಾನು ಅವರವರ ಮನೆಗೆ ಹೋಗುತ್ತದೆ. ಮೊದಲ ಸಲ ಬಂದ ಅರುಣ್‌ಕುಮಾರ್ ಅವರು "ಕಾರೆಲ್ಲಿ?" ಎಂದು ಕೇಳಿದಾಗ, ಅದನ್ನು ತೋರಿಸಲು ಊರೂರು ಸುತ್ತಿಸಿದೆವು. ಪಾಪ, ಹುಚ್ಚಯ್ಯನವರ ಹಟ್ಟಿಯಲ್ಲಿ ಟೈರು ನೋಡುವ ಹೊತ್ತಿಗೆ ಸುಸ್ತಾಗಿ ಅದರ ಮೇಲೇ ಕೂತುಬಿಟ್ಟರು.

ತಂಡ ಕಟ್ಟುವ ಶುರುವಿನಲ್ಲಿ ಅರಕಲಗೂಡಿನ ರಾಮಣ್ಣನವರು ಬರಿಗೈಯಲ್ಲಿ ಬಂದರು. "ಎಂಜಿನ್ ನಿಮ್ದು, ಟೈರು ಅವ್ರದು. ನನ್ ಪಾಲಿಂದು ಮಗಳು ಕಣ್ರವ್ವ. ಕೆಸರು ಗದ್ದೇಲಿ ಅವ್ಳು ಟ್ರ್ಯಾಕ್ಟ್ರು ಓಡ್ಸೋದ್ ನೋಡ್ಬುಡಿ, ಆಮೇಲ್ ಮಾತಾಡವ" ಎಂದರು. ನೋಡಿದೆವು. ಮಾತಾಡಲು ಏನೂ ಉಳಿಯಲಿಲ್ಲ. ಆ ಮಗಳೇ ನಿಸರ್ಗ, ಹೋದ ವರ್ಷ ದೊಡ್ಡ ದೊಡ್ಡ ಕಂಪನಿಗಳ ಕಾರುಗಳನ್ನು ಹಿಂದೆ ಹಾಕಿ ಗೆದ್ದು ಬಂದವಳು. ಅಗೋ, ಕಂಬದ ಪಕ್ಕ ಕೂತಿದ್ದಾಳೆ. ಅವಳನ್ನು ಯಾಕೆ ವೇದಿಕೆಗೆ ಕರೆಯಲಿಲ್ಲ?

ನಾನೇ ಹೇಳುತ್ತೇನೆ. ಕಂಪನಿಯವರು ಹೊಸ ಟೈರು, ಲಾರಿ, ಮೆಕ್ಯಾನಿಕ್ಕು ಎಲ್ಲ ಕೊಡುತ್ತಾರೆ. ನಮಗೆ ಬೇಕು, ಖಂಡಿತ ಬೇಕು. ಬದಲಿಗೆ ಕಾರು ಪೂರ್ತಿ ಅವರದಾಗಬೇಕು, ಸ್ಟೀರಿಂಗ್ ಹಿಡಿಯುವವನು ಅವರ ಹುಡುಗ ಸಂಜಯ್ ಆಗಬೇಕು. ನಿಸರ್ಗಳಿಗೆ ತಂಡದ ರಾಯಭಾರಿ ಎಂಬ ಪಟ್ಟ. ಹಾಗೆಂದರೇನು? ಕಾರಿನ ಪಕ್ಕ ನಿಂತು ಫೋಟೋಗೆ ನಗುವುದು.

ಸಭಿಕರೇ, ಮಂಡಿ ಚಿಕ್ಕದಿದ್ದಾಗ ಕಾಯಿ ತುಂಬಿದ ಜೀಪನ್ನು ಶ್ರವಣಬೆಳಗೊಳದ ರಸ್ತೆಯಲ್ಲಿ ನಾನೇ ಓಡಿಸುತ್ತಿದ್ದೆ. ವ್ಯಾಪಾರ ಬೆಳೆಯಿತು, ಪಾಲುದಾರರು ಬಂದರು. ನಮ್ಮ ಯಜಮಾನರು ಪರಮಶಿವಯ್ಯನವರು, "ಇನ್ಮೇಲೆ ಡ್ರೈವರ್ ಇರ್ತಾನೆ. ನೀನು ಹಿಂದೆ ಕೂತ್ಕೊ ಕಣೇ, ಮಹಾರಾಣಿ ಥರ" ಎಂದರು. ಪ್ರೀತಿಯಿಂದಲೇ ಅಂದರು. ಕೂತೆ. ಸೀಟು ಮೆತ್ತಗಿತ್ತು. ಇವತ್ತಿಗೂ ಹಿಂದೆ ಕೂತರೆ ನನ್ನ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ತುಳಿಯುತ್ತದೆ. ಇದನ್ನೆಲ್ಲ ಯಾಕೆ ಹೇಳಿದೆನೋ, ಇರಲಿ.

ಅರುಣ್‌ಕುಮಾರ್ ಅವರೇ, ನಿಮ್ಮ ವಶಕ್ಕೆ ಕೊಡಲೆಂದು ಇವತ್ತು ಎಲ್ಲರ ಸಾಮಾನೂ ಇಲ್ಲಿಗೆ ಬಂದು ಅಂಗಳದಲ್ಲಿ ಬಿದ್ದಿದೆ. ನಿಮ್ಮ ಕಂಪನಿಯ ಹೆಸರನ್ನು ಬಾನೆಟ್ಟಿನ ಮೇಲೆ ಎಷ್ಟು ದಪ್ಪಗೆ ಬೇಕಾದರೂ ಬರೆಸಿ. ಬಾಗಿಲಿಗೂ ಬರೆಸಿ. ನಿಸರ್ಗ ಓಡಿಸದ ಕಾರಿಗೆ ಮಾತ್ರ ನನ್ನ ಎಂಜಿನ್ ಕೊಡುವುದಿಲ್ಲ. ಮಿಕ್ಕವರ ಪಾಲಿನ ಮಾತು ಅವರೇ ಹೇಳಲಿ. ನೀವು ಕೈಬಿಟ್ಟರೆ ನಮಗೆ ಕಷ್ಟವಾಗುತ್ತದೆ, ಗೊತ್ತು. ಭಾನುವಾರದ ರ‍್ಯಾಲಿಗೆ ಸವೆದ ಟೈರಿನಲ್ಲೇ ಹೋಗುತ್ತೇವೆ.

ಅಗೋ, ಶಿವಗಂಗಮ್ಮನವರು ಎದ್ದು ನಿಂತರು. ಹುಚ್ಚಯ್ಯನವರೂ ಎದ್ದರು. ಊಟಕ್ಕಲ್ಲ ತಾನೇ? ಅಧ್ಯಕ್ಷರೇ, ಬಾಡಿ ನಿಮ್ಮದು, ನೀವೇನು ಹೇಳುತ್ತೀರಿ? ಹೂಂ ಎಂದು ತಲೆ ಆಡಿಸಿದಿರಿ, ಅಷ್ಟು ಸಾಕು.

ಹಾಗಾದರೆ ಇಲ್ಲೇ ಜೋಡಿಸೋಣ. ಸ್ಪ್ಯಾನರ್ ಹಿಡಿಯಬಲ್ಲವರೆಲ್ಲ ಅಂಗಳಕ್ಕೆ ಬನ್ನಿ. ನಿಸರ್ಗ, ಆ ಕಂಬ ಬಿಟ್ಟು ಏಳವ್ವ. ನೀನು ಸ್ಟೀರಿಂಗ್ ಹಿಡಿ, ನಾನು ನಿನ್ನ ಪಕ್ಕ ಕೂರುತ್ತೇನೆ. ಪುಣ್ಯಕ್ಕೆ ನಮ್ಮ ಕಾರಿಗೆ ಹಿಂದಿನ ಸೀಟೇ ಇಲ್ಲ.

ಶಾಲು ಹೊದಿಸಿದವರಿಗೂ ಸಾಮಾನು ಹೊತ್ತು ತಂದವರಿಗೂ ನನ್ನ ವಂದನೆಗಳು. ನಮಸ್ಕಾರ.